ಗಂಡನ ಸಹಿ ಎಲ್ಲಿ ಬೇಕು, ಎಲ್ಲಿ ಬೇಡ

“ಯಜಮಾನರ ಸಹಿ ಹಾಕಿಸ್ಕೊಂಡು ಬನ್ನಿ ಅಮ್ಮ.” ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಒಮ್ಮೊಮ್ಮೆ ಠಾಣೆಯಲ್ಲೂ ಹೆಂಗಸರ ಕಿವಿಗೆ ಬೀಳುವ ಮಾತಿದು. ಪೇಟೆಯಲ್ಲಿರುವವರಿಗೆ ಇದು ಅರ್ಧ ಗಂಟೆಯ ಕಿರಿಕಿರಿ. ಬಿಸಿಲೆಯಂಥ ಮಲೆನಾಡ ಊರಿನವರಿಗೆ ಹಾಗಲ್ಲ. ಹೆತ್ತೂರಿನ ಮೇಲೆ ಹಾದು ಸಕಲೇಶಪುರಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ, ಆನೆ ಓಡಾಟವಿದೆಯೆಂದು ಬೆಳಗಿನ ಬಸ್ಸಿಗೆ ನಡೆದು ಬರಲಾಗದಿದ್ದರೆ, ಆ ದಿನವೂ ಕೈತಪ್ಪುತ್ತದೆ. ಹೊಡೆಯುವ ಗಂಡನ ಸಹಿಯನ್ನೇ ತರಬೇಕು ಅಂದುಬಿಟ್ಟರೆ ಆಕೆ ಮತ್ತೆ ಆ ಕಚೇರಿಯ ಮೆಟ್ಟಿಲು ಹತ್ತುವುದೇ ಇಲ್ಲ.

ಹೀಗೆ ಸಹಿ ಕೇಳುವ ಬಹಳಷ್ಟು ಕಡೆ ಕಾನೂನು ಅದನ್ನು ಕೇಳಿಲ್ಲ. ಮಗುವಿನ ಕಾಗದಪತ್ರ, ಬಸಿರು, ಹೊಡೆತ, ಜೀವನಾಂಶ: ಈ ನಾಲ್ಕರಲ್ಲೂ ಹೆಂಗಸೊಬ್ಬಳ ಸಹಿಗೆ ಈ ದೇಶದ ಕಾನೂನು ಎಷ್ಟು ಬೆಲೆ ಕೊಟ್ಟಿದೆ ಎಂಬುದು ಸಕಲೇಶಪುರ, ಆಲೂರು ಕಡೆಯ ತೋಟದ ಲೈನ್ ಮನೆಗಳಿಗೂ ಹಳ್ಳಿಮನೆಗಳಿಗೂ ತಲುಪಬೇಕು. ಅದಕ್ಕಾಗಿ ಈ ಬರಹ.

ಮಗುವಿನ ಕಾಗದದ ಮೇಲೆ

1984ರಲ್ಲಿ ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಅರ್ಜಿ ಹಾಕಿದರು. ಪೋಷಕಿಯೆಂದು ಸಹಿ ಮಾಡಿದ್ದು ಅವರೇ. ಗಂಡನ ಒಪ್ಪಿಗೆಯೂ ಇತ್ತು. ಆದರೂ ತಂದೆಯ ಸಹಿ ಬೇಕು ಎಂದು ಅರ್ಜಿ ವಾಪಸು ಬಂತು. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವ ಕಾಯಿದೆಯ 6ನೇ ಕಲಮಿನಲ್ಲಿ ಮಗುವಿನ ಸಹಜ ಪೋಷಕ ತಂದೆ, ‘ಅವನ ನಂತರ’ ತಾಯಿ ಎಂದಿದೆ. ತಂದೆ ಸತ್ತ ಮೇಲಷ್ಟೇ ತಾಯಿಗೆ ಅಧಿಕಾರ ಎಂದು ಎಲ್ಲರೂ ಅದನ್ನು ಓದುತ್ತಿದ್ದರು. 1999ರ ಫೆಬ್ರುವರಿ 17ರಂದು ಸುಪ್ರೀಂ ಕೋರ್ಟ್ ಈ ಓದನ್ನು ಬದಲಿಸಿತು. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದೆ ದೂರ ಉಳಿದಿದ್ದರೆ, ತಾಯಿಗೇ ಬಿಟ್ಟುಕೊಟ್ಟಿದ್ದರೆ, ಅನಾರೋಗ್ಯದಿಂದ ನೋಡಿಕೊಳ್ಳಲಾಗದಿದ್ದರೆ ತಾಯಿಯೇ ಪೋಷಕಿ ಎಂದಿತು. ಕಾಫಿ ಕುಯ್ಲು ಮುಗಿಸಿ ಬೇರೆ ಜಿಲ್ಲೆಗೆ ಹೋದ ಗಂಡ ವರ್ಷವಾದರೂ ತಿರುಗಿ ನೋಡಿಲ್ಲವೆಂದರೆ, ಮಗುವಿನ ಬ್ಯಾಂಕ್ ಖಾತೆಗೂ ಶಾಲೆಯ ದಾಖಲಾತಿಗೂ ತಾಯಿಯ ಸಹಿ ಸಾಕು ಎಂದು ಕೇಳಲು ಈ ತೀರ್ಪೇ ಆಧಾರ. ಪಾಸ್‌ಪೋರ್ಟಿಗೂ 2016ರ ಡಿಸೆಂಬರಿನಿಂದ ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕಾಗುತ್ತದೆ.

ಮದುವೆಯಾಗದೆ ತಾಯಾದವಳ ವಿಚಾರದಲ್ಲಿ ಸುಪ್ರೀಂ ಕೋರ್ಟಿನ 2015ರ ತೀರ್ಪು ಇನ್ನೂ ಸ್ಪಷ್ಟ. ಆಕೆ ಪೋಷಕತ್ವ ಕೇಳಿ ನ್ಯಾಯಾಲಯಕ್ಕೆ ಹೋದಾಗ ಮಗುವಿನ ತಂದೆ ಯಾರೆಂದು ಹೇಳಬೇಕಾಗಿಲ್ಲ, ಅವನಿಗೆ ನೋಟಿಸ್ ಕೊಡಬೇಕಾಗಿಯೂ ಇಲ್ಲ. ಒಂಟಿ ತಾಯಿ ತನ್ನ ಮಗುವಿಗೆ ಜನನ ಪ್ರಮಾಣಪತ್ರ ಕೇಳಿದರೆ ಆಕೆಯ ಅಫಿಡವಿಟ್ಟನ್ನಷ್ಟೇ ಆಧಾರವಾಗಿಟ್ಟುಕೊಂಡು ಕೊಡಬೇಕು ಎಂದೂ ಅದೇ ತೀರ್ಪು ಹೇಳಿತು. ಹೆರಿಗೆಯಾದ 21 ದಿನದೊಳಗೆ ಜನನ ನೋಂದಾಯಿಸಿಬಿಡಿ. ಮುಂದಿನ ಎಲ್ಲ ಕಾಗದಕ್ಕೂ ಅದೇ ಬುಡ.

ಗಂಡ ಹೆಂಡತಿ ಬೇರೆಯಾದಾಗ ಮಗು ಯಾರ ಬಳಿ ಇರಬೇಕು ಎಂಬುದು ಬೇರೆಯೇ ಪ್ರಶ್ನೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆಂದು ಅದೇ 1956ರ ಕಾಯಿದೆ ಹೇಳುತ್ತದೆ. ಐದು ತುಂಬಿದ ಕೂಡಲೇ ತಂದೆಯ ಪಾಲು ಎಂದು ಇದರ ಅರ್ಥವಲ್ಲ. ವಯಸ್ಸು ಎಷ್ಟೇ ಇರಲಿ, ಧರ್ಮ ಯಾವುದೇ ಇರಲಿ, ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನು. ಶಾಲೆ ಎಲ್ಲಿದೆ, ಮನೆಯಲ್ಲಿ ಹೊಡೆದಾಟವಿದೆಯೇ, ಬುದ್ಧಿ ಬಂದ ಮಗು ಏನು ಹೇಳುತ್ತದೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ತಾಯಿಯ ಬಡತನವೊಂದೇ ಮಗುವನ್ನು ಕಿತ್ತುಕೊಳ್ಳಲು ಕಾರಣವಾಗದು. ಅದಕ್ಕೆ ತಂದೆಯಿಂದ ಜೀವನಾಂಶ ಕೊಡಿಸುವ ದಾರಿಯಿದೆ. ತಂದೆಗೂ ಮಗುವನ್ನು ಕಾಣುವ, ಜೊತೆಗಿರುವ ಹಕ್ಕಿದೆ. ಅವನು ಹಿಂಸಿಸುವವನಲ್ಲದಿದ್ದರೆ ಅದನ್ನು ತಡೆಯುವುದು ಮಗುವಿಗೂ ಒಳ್ಳೆಯದಲ್ಲ, ನ್ಯಾಯಾಲಯವೂ ಮೆಚ್ಚುವುದಿಲ್ಲ. ಮಗುವಿನ ಸುಪರ್ದಿಯ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿ ಹಾಕಬೇಕು.

ಮೂರು ಸೀಮೆ, ಮೂರು ಕಟ್ಟಳೆ

ಬಿಸಿಲೆ ಇರುವುದು ಹಾಸನ, ದಕ್ಷಿಣ ಕನ್ನಡ, ಕೊಡಗು ಮೂರೂ ಕೂಡುವ ಕಡೆ. ನೂರು ವರ್ಷದ ಹಿಂದೆ ಈ ಮೂರು ಇಳಿಜಾರುಗಳ ಹೆಂಗಸರಿಗೆ ಮೂರು ಬೇರೆ ಬೇರೆ ಕಾನೂನು ಇತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಈ ಬದಿ, ಅಂದರೆ ಆಗಿನ ಮಂಜರಾಬಾದ್ ತಾಲ್ಲೂಕು, ಮೈಸೂರು ಸಂಸ್ಥಾನದ್ದು. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು 1894ರಲ್ಲೇ ನಿಷೇಧಿಸಿತ್ತು. 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತು; ಒಂದು ಸರ್ಕಾರ ತಾನೇ ಮುಂದಾಗಿ ಇಂಥ ಕೆಲಸಕ್ಕೆ ಇಳಿದದ್ದು ಜಗತ್ತಿನಲ್ಲೇ ಮೊದಲ ಉದಾಹರಣೆಗಳಲ್ಲೊಂದು. 1933ರಲ್ಲಿ ಹಿಂದೂ ಹೆಂಗಸರ ಹಕ್ಕುಗಳ ಕಾಯಿದೆ ತಂದು ಪಾಲಿನಲ್ಲಿ ಭಾಗ, ಸ್ತ್ರೀಧನದ ಮೇಲೆ ಹಿಡಿತ, ವಿಧವೆಗೆ ದತ್ತು ತೆಗೆದುಕೊಳ್ಳುವ ಅಧಿಕಾರ ಕೊಟ್ಟಿತು. ಘಾಟಿ ಇಳಿದು ಸುಬ್ರಹ್ಮಣ್ಯದ ಕಡೆ ಹೋದರೆ ಮದರಾಸು ಪ್ರಾಂತ್ಯ. ಅಲ್ಲಿ ಹಲವು ಸಮುದಾಯಗಳಿಗೆ ಅಳಿಯಸಂತಾನ ಪದ್ಧತಿ; ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಪುಷ್ಪಗಿರಿಯ ಆಚೆ ಕೊಡಗು. ಅಲ್ಲಿ ಕೊಡವರಿಗೆ ಒಕ್ಕದ ಕಟ್ಟಳೆ. ವಂಶ ತಂದೆಯ ಕಡೆಯಿಂದ.

ಒಂದೇ ಬೆಟ್ಟಸಾಲಿನ ಮೂರು ಕಡೆ ಮಗು ಯಾರದು ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಲಿಲ್ಲ. ‘ಹಿಂದಿನಿಂದಲೂ ಹೀಗೇ ನಡೆದುಕೊಂಡು ಬಂದಿದೆ’ ಎಂದು ಹೆಂಗಸಿನ ಬಾಯಿ ಮುಚ್ಚಿಸುವವರಿಗೆ ಇದನ್ನು ಹೇಳಬೇಕು. 1955–56ರ ಹಿಂದೂ ಕಾಯಿದೆಗಳು ಬಂದ ಮೇಲೆ ಈ ಗಡಿಗಳು ಬಹುಮಟ್ಟಿಗೆ ಅಳಿಸಿದವು. ಕೌಟುಂಬಿಕ ದೌರ್ಜನ್ಯದ ಕಾಯಿದೆಯಂತೂ ಎಲ್ಲ ಧರ್ಮದ ಹೆಂಗಸರಿಗೂ ಒಂದೇ.

ಈ ಗಡಿಗಳ ಕತೆಯಲ್ಲಿ ಇಂದಿಗೂ ಉಪಯೋಗಕ್ಕೆ ಬರುವ ಸಂಗತಿಯೊಂದಿದೆ. ಬಿಸಿಲೆಯ ಹುಡುಗಿಯನ್ನು ಸುಬ್ರಹ್ಮಣ್ಯಕ್ಕೋ ಸೋಮವಾರಪೇಟೆಗೋ ಕೊಟ್ಟಿರುತ್ತಾರೆ. ಏಟು ತಿಂದು ತವರಿಗೆ ಬಂದವಳಿಗೆ “ಕೇಸು ಗಂಡನ ಊರಲ್ಲೇ ಹಾಕ್ಬೇಕು” ಎಂದು ಯಾರೋ ಹೇಳುತ್ತಾರೆ. ಇದು ತಪ್ಪು. ಆಕೆ ಖಾಯಂ ಆಗಿ ಅಥವಾ ತಾತ್ಕಾಲಿಕವಾಗಿ ಎಲ್ಲಿ ವಾಸವಿದ್ದಾಳೋ, ಎಲ್ಲಿ ಕೂಲಿಗೆ ಹೋಗುತ್ತಿದ್ದಾಳೋ ಆ ಊರಿನ ವ್ಯಾಪ್ತಿಯ ಮ್ಯಾಜಿಸ್ಟ್ರೇಟರ ಮುಂದೆ ದೌರ್ಜನ್ಯದ ಅರ್ಜಿ ಹಾಕಬಹುದು. ಅಪರಾಧದ ದೂರಿಗೂ ಗಡಿಯ ನೆಪವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆ ದೂರು ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು.

ಬಸಿರು ಮತ್ತು ಆಪರೇಷನ್

ಗರ್ಭಪಾತಕ್ಕೆ ಗಂಡನ ಒಪ್ಪಿಗೆ ಬೇಕಿಲ್ಲ. ಅತ್ತೆಯದೂ ಬೇಕಿಲ್ಲ, ತಂದೆತಾಯಿಯದೂ ಬೇಕಿಲ್ಲ. ಹದಿನೆಂಟು ತುಂಬಿದ, ಮಾನಸಿಕ ಕಾಯಿಲೆಯಿಲ್ಲದ ಹೆಂಗಸೊಬ್ಬಳ ಸಹಿ ಸಾಕು. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯಲ್ಲೇ ಇದು ಇದೆ. ಐವತ್ತು ವರ್ಷ ದಾಟಿದರೂ ಇದು ತಿಳಿಯದಿರುವುದರಿಂದ ಎಷ್ಟು ಹೆಂಗಸರು ಮೆಡಿಕಲ್ ಶಾಪಿನ ಮಾತ್ರೆ ನುಂಗಿ ರಕ್ತಸ್ರಾವದಿಂದ ನರಳಿದ್ದಾರೋ ಎಂದು ನೆನೆದರೆ ಸಂಕಟವಾಗುತ್ತದೆ.

2021ರ ತಿದ್ದುಪಡಿಯ ನಂತರದ ನಿಯಮ ಹೀಗಿದೆ. ಇಪ್ಪತ್ತು ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರದ ನಡುವೆ ಇಬ್ಬರು ವೈದ್ಯರು ಬೇಕು, ಕೆಲವು ಸಂದರ್ಭಗಳಿಗೆ ಮಾತ್ರ ಅವಕಾಶ: ಅತ್ಯಾಚಾರಕ್ಕೆ ಒಳಗಾದವರು, ಹದಿನೆಂಟು ತುಂಬದವರು, ಬಸಿರಿದ್ದಾಗಲೇ ಗಂಡ ತೀರಿಹೋದವರು ಅಥವಾ ವಿಚ್ಛೇದನವಾದವರು, ಅಂಗವಿಕಲರು, ಭ್ರೂಣಕ್ಕೆ ಗಂಭೀರ ತೊಂದರೆಯಿರುವವರು ಮುಂತಾದವರು. ಇಪ್ಪತ್ತನಾಲ್ಕು ದಾಟಿದ ಮೇಲೆ ಭ್ರೂಣದಲ್ಲಿ ತೀವ್ರ ನ್ಯೂನತೆಯಿದ್ದರೆ ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ತಾಯಿಯ ಜೀವಕ್ಕೇ ಅಪಾಯವಿದ್ದು ಕೂಡಲೇ ಮಾಡಬೇಕಾದಾಗ ಈ ವಾರಗಳ ಮಿತಿ ಅಡ್ಡ ಬರುವುದಿಲ್ಲ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎರಡು ಮುಖ್ಯ ಮಾತು ಹೇಳಿತು. ಮದುವೆಯಾಗದವರಿಗೂ ಇದೇ ಹಕ್ಕಿದೆ. ಗಂಡನ ಬಲವಂತದಿಂದ ಆದ ಬಸಿರನ್ನೂ ಈ ಕಾಯಿದೆಯ ಮಟ್ಟಿಗೆ ಅತ್ಯಾಚಾರದಿಂದ ಆದದ್ದೆಂದೇ ನೋಡಬೇಕು, ಅದಕ್ಕೆ ಎಫ್‌ಐಆರ್ ತೋರಿಸಬೇಕಿಲ್ಲ.

ಹದಿನಾರು, ಹದಿನೇಳರ ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಮನೆಯವರು ಹೆದರುತ್ತಾರೆ. ಪೊಲೀಸರಿಗೆ ಗೊತ್ತಾಗುತ್ತದೆ, ಊರಲ್ಲಿ ಸುದ್ದಿಯಾಗುತ್ತದೆ ಎಂಬ ಭಯ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯಿದೆಯಂತೆ ವೈದ್ಯರು ಪೊಲೀಸರಿಗೆ ತಿಳಿಸಬೇಕಾದದ್ದು ನಿಜ. ಆದರೆ ಹುಡುಗಿಯೂ ಪೋಷಕರೂ ಕೇಳಿಕೊಂಡರೆ ಆಕೆಯ ಹೆಸರು, ಗುರುತು ಹೇಳಬೇಕಿಲ್ಲ ಎಂದು ಅದೇ 2022ರ ತೀರ್ಪು ವೈದ್ಯರಿಗೆ ಅವಕಾಶ ಕೊಟ್ಟಿದೆ. ಬಸಿರು ಇಳಿಸಿಕೊಂಡವರ ಹೆಸರನ್ನು ಬಯಲು ಮಾಡುವ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು. ಸರ್ಕಾರದ ಆಸ್ಪತ್ರೆಗಳು ಈ ಕಾಯಿದೆಯಡಿ ತಾವಾಗಿಯೇ ಮಾನ್ಯತೆ ಪಡೆದ ಸ್ಥಳಗಳು. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಆಗದೆ ಹಾಸನಕ್ಕೆ ಕಳಿಸುವುದಾದರೆ ಚೀಟಿ ಬರೆಸಿಕೊಳ್ಳಿ. ವಾರಗಳು ಉರುಳಿದಷ್ಟೂ ದಾರಿ ಕಿರಿದಾಗುತ್ತದೆ.

ಮಕ್ಕಳಾಗದಂತೆ ಮಾಡಿಸಿಕೊಳ್ಳುವ ಆಪರೇಷನ್ನಿಗೂ ಗಂಡನ ಸಹಿ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಹಾಗೆಯೇ ಆಕೆಗೆ ಇಷ್ಟವಿಲ್ಲದೆ ಆಪರೇಷನ್ ಮಾಡಿಸುವಂತೆಯೂ ಇಲ್ಲ.

ಬಾಲ್ಯವಿವಾಹದ ವಿಚಾರದಲ್ಲಿ ಕರ್ನಾಟಕದ ಕಾನೂನು ಕೇಂದ್ರದ್ದಕ್ಕಿಂತ ಬಿಗಿ. ಕೇಂದ್ರದ ಕಾಯಿದೆಯಂತೆ ಬಾಲ್ಯವಿವಾಹವಾದವರು ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ ವರದಿಯ ನಂತರ ನಮ್ಮ ರಾಜ್ಯ ತಂದ 2016ರ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಮದುವೆ ಅಸಿಂಧುವೆಂದು ಹುಟ್ಟಿದ ಮಗುವನ್ನು ಯಾರೂ ಕೀಳಾಗಿ ಕಾಣುವಂತಿಲ್ಲ. ಜೀವನಾಂಶದ ಹಕ್ಕು ಮಗುವಿಗೆ ಇದ್ದೇ ಇದೆ.

ತೋಟದಲ್ಲಿ ದುಡಿಯುವವರಿಗೆ ಒಂದು ಮಾತು. ಹೆರಿಗೆ ಭತ್ಯೆ ಕಂಪನಿಗಳವರಿಗೆ ಮಾತ್ರ ಎಂದು ತಿಳಿದವರಿದ್ದಾರೆ. 1961ರ ಕಾಯಿದೆಯೇ ದೊಡ್ಡ ತೋಟಗಳನ್ನು ಒಳಗೊಂಡಿತ್ತು; ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. ಹಾಜರಿ ರೈಟರ ಪುಸ್ತಕದಲ್ಲಿರುತ್ತದೆ. ಆ ಪುಟದ ಫೋಟೋ ನಿಮ್ಮ ಬಳಿಯೂ ಇರಲಿ.

ಏಟು ಬಿದ್ದ ದಿನ

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದಕ್ಕೆ ಮೊದಲು ಹೆಂಗಸಿನ ಮುಂದೆ ಬಹುಮಟ್ಟಿಗೆ ಎರಡೇ ದಾರಿ ಇದ್ದವು: ಸಹಿಸಿಕೊಳ್ಳುವುದು ಅಥವಾ ಗಂಡನನ್ನು ಜೈಲಿಗೆ ಕಳಿಸುವುದು. ಹೆಚ್ಚಿನವರಿಗೆ ಬೇಕಾದದ್ದು ಇವೆರಡೂ ಅಲ್ಲ. ಹೊಡೆತ ನಿಲ್ಲಬೇಕು, ತಲೆಯ ಮೇಲೆ ಸೂರು ಇರಬೇಕು, ಮಕ್ಕಳು ತನ್ನ ಜೊತೆಗಿರಬೇಕು, ಖರ್ಚಿಗೆ ದುಡ್ಡು ಬರಬೇಕು. ಈ ಕಾಯಿದೆ ಕೊಡುವುದು ಇದನ್ನೇ. ಹಾಗಾಗಿ “ಕೇಸು ಹಾಕಿದ್ರೆ ಗಂಡ ಜೈಲಿಗೆ ಹೋಗ್ತಾನೆ, ಆಮೇಲೆ ಮನೆ ನಡೆಸೋರ್ ಯಾರು?” ಎಂದು ಹಿಂಜರಿಯುವವರಿಗೆ ಮೊದಲು ಹೇಳಬೇಕಾದ್ದು ಈ ವ್ಯತ್ಯಾಸ. ಗಂಡ ಜೈಲು ಕಾಣುವುದು ಸಂರಕ್ಷಣಾ ಆದೇಶ ಮುರಿದಾಗ: ಒಂದು ವರ್ಷದವರೆಗೆ ಸೆರೆ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕ್ರೌರ್ಯಕ್ಕೆ ಶಿಕ್ಷೆಯಾಗಲೇಬೇಕು ಎನ್ನುವವರಿಗೆ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು ಬೇರೆಯಾಗಿಯೇ ಇದೆ. ಹಿಂದೆ 498ಎ ಎಂದು ಕರೆಯುತ್ತಿದ್ದದ್ದು ಅದನ್ನೇ.

ಮೈಮೇಲೆ ಬಾಸುಂಡೆ ಇದ್ದರಷ್ಟೇ ದೌರ್ಜನ್ಯ ಎಂದಲ್ಲ. ಬಯ್ಗುಳ, ಗಂಡು ಮಗು ಹೆರಲಿಲ್ಲವೆಂಬ ಮೂದಲಿಕೆ, ಕೂಲಿ ದುಡ್ಡು ಕಿತ್ತುಕೊಂಡು ಕುಡಿಯುವುದು, ಒಡವೆ ಅಡವಿಡುವುದು, ಮನೆಗೆ ರೇಷನ್ ತಾರದಿರುವುದು, ಇಷ್ಟವಿಲ್ಲದ ಸಂಬಂಧಕ್ಕೆ ಬಲವಂತ ಮಾಡುವುದು, ಎಲ್ಲವೂ ಇದರೊಳಗೆ ಬರುತ್ತವೆ. ಹೆಂಡತಿ ಮಾತ್ರವಲ್ಲ, ಮಗನಿಂದ ಏಟು ತಿನ್ನುವ ಮುದುಕಿ ತಾಯಿ, ಅಣ್ಣನ ಮನೆಯಲ್ಲಿ ಹಿಂಸೆ ಅನುಭವಿಸುವ ಮದುವೆಯಾಗದ ತಂಗಿ, ಗಂಡ ಸತ್ತ ಸೊಸೆ, ಮದುವೆಯಿಲ್ಲದೆ ಗಂಡಹೆಂಡಿರಂತೆ ಬಾಳಿದವಳು, ಇವರಿಗೆಲ್ಲ ಈ ಕಾಯಿದೆ ಇದೆ.

ಯಾರ ಬಳಿ ಹೋಗಬೇಕು? ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಎಲ್ಲರೂ ಸಿಡಿಪಿಒ ಎನ್ನುವವರು, ಇವರೇ ಸಂರಕ್ಷಣಾಧಿಕಾರಿ. ಸಕಲೇಶಪುರದವರಿಗೆ ಸಕಲೇಶಪುರದಲ್ಲಿ, ಆಲೂರಿನವರಿಗೆ ಆಲೂರಿನಲ್ಲಿ. ನಡೆದದ್ದನ್ನು ಕೇಳಿ ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು, ಆಸ್ಪತ್ರೆ, ಆಶ್ರಯ, ವಕೀಲರ ನೆರವು ಒದಗಿಸುವುದು ಅವರ ಕರ್ತವ್ಯ. ಬಿಸಿಲೆಯಿಂದ ಅಷ್ಟು ದೂರ ಹೋಗಲಾಗದ ದಿನ ಊರಿನ ಅಂಗನವಾಡಿ ಟೀಚರಿಗೆ ಹೇಳಿ. ಅವರ ಇಲಾಖೆಯೂ ಸಿಡಿಪಿಒ ಇಲಾಖೆಯೂ ಒಂದೇ. ಆಶಾ ಕಾರ್ಯಕರ್ತೆ, ನೆರೆಮನೆಯವರು, ತೋಟದ ಮೇಸ್ತ್ರಿ, ಯಾರು ಬೇಕಾದರೂ ಆಕೆಯ ಪರವಾಗಿ ಮಾಹಿತಿ ಕೊಡಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರದಂತೆ ಕಾಯಿದೆಯ 4ನೇ ಕಲಮು ಕಾಯುತ್ತದೆ. ಸಿಗ್ನಲ್ ಸಿಕ್ಕ ಕಡೆಯಿಂದ 181 ಮಹಿಳಾ ಸಹಾಯವಾಣಿ, ಜೀವಕ್ಕೆ ಅಪಾಯವಿದ್ದರೆ 112. ಈ ನಂಬರುಗಳನ್ನು ಮೊಬೈಲಿನಲ್ಲಷ್ಟೇ ಇಡಬೇಡಿ. ಗಂಡ ಮೊದಲು ಕಿತ್ತುಕೊಳ್ಳುವುದು ಮೊಬೈಲನ್ನೇ.

ಅರ್ಜಿ ಬಂದ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ ಅರವತ್ತು ದಿನದಲ್ಲಿ ತೀರ್ಮಾನಕ್ಕೆ ಪ್ರಯತ್ನ ಎಂದು ಕಾಯಿದೆ ಹೇಳುತ್ತದೆ. ನ್ಯಾಯಾಲಯಗಳಲ್ಲಿ ಇದು ಎಳೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಮೊದಲ ದಿನವೇ 23ನೇ ಕಲಮಿನಡಿ ಮಧ್ಯಂತರ ಆದೇಶ ಕೇಳಿ. ಗಂಡ ಹಾಜರಾಗುವ ಮುಂಚೆಯೇ ಅದನ್ನು ಕೊಡಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಮಕ್ಕಳ ತಾತ್ಕಾಲಿಕ ಸುಪರ್ದಿ, ಖರ್ಚಿನ ಹಣ, ಒಡವೆ ವಾಪಸು, ಪರಿಹಾರ, ಎಲ್ಲವನ್ನೂ ಇದೇ ಒಂದು ಅರ್ಜಿಯಲ್ಲಿ ಕೇಳಬಹುದು.

ಮನೆಯ ವಿಚಾರದಲ್ಲಿ ಕಾನೂನು ತುಂಬ ಸ್ಪಷ್ಟ. ಮನೆ ಮಾವನ ಹೆಸರಲ್ಲಿದೆ, ನಿನಗೆ ಹಕ್ಕಿಲ್ಲ ಎನ್ನುವ ಮಾತನ್ನು 2020ರ ಅಕ್ಟೋಬರ್ 15ರ ಸುಪ್ರೀಂ ಕೋರ್ಟ್ ತೀರ್ಪು ಒಪ್ಪಲಿಲ್ಲ. ಸಂಸಾರ ನಡೆಸಿದ ಅತ್ತೆಮಾವನ ಮನೆಯಲ್ಲೂ ಸೊಸೆಗೆ ವಾಸದ ಹಕ್ಕಿದೆ. ಲೈನ್ ಮನೆಯಲ್ಲಿರುವವರ ಕಷ್ಟ ಬೇರೆ. ಅದು ತೋಟದವರದು, ಗಂಡನ ಕೆಲಸಕ್ಕೆ ಅಂಟಿಕೊಂಡದ್ದು. ಅವನು ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ. ಅಲ್ಲಿ ಎರಡು ಬೇಡಿಕೆ ಇಡಬೇಕು. ಒಂದು, ತನ್ನನ್ನು ಅಲ್ಲಿಂದ ಹೊರಹಾಕದಂತೆ ಗಂಡನ ಮೇಲೆ ಆದೇಶ. ಇನ್ನೊಂದು, ಅಲ್ಲಿರಲು ಆಗದಿದ್ದರೆ ಅಂಥದ್ದೇ ಬೇರೆ ಮನೆ ಅಥವಾ ಅದರ ಬಾಡಿಗೆಯನ್ನು ಗಂಡನೇ ಕೊಡಬೇಕೆಂಬ ಆದೇಶ. ಇದು 19ನೇ ಕಲಮಿನಲ್ಲಿದೆ. ಅಸ್ಸಾಮು, ಜಾರ್ಖಂಡಿನಿಂದ ಬಂದು ದುಡಿಯುವ ಹೆಂಗಸರಿಗೂ ಇಷ್ಟೇ ಹಕ್ಕಿದೆ. ಭಾಷೆ ಬಾರದ ಅವರ ಬಳಿಗೆ ಮೊದಲು ಹೋಗಬೇಕಾದವರು ನಾವು.

ಪುರಾವೆ ಆ ದಿನವೇ ಆಗಬೇಕು. ಆಸ್ಪತ್ರೆಯಲ್ಲಿ “ಜಾರಿ ಬಿದ್ದೆ” ಎನ್ನಬೇಡಿ. ಯಾರು ಹೊಡೆದರು, ಯಾವುದರಿಂದ ಹೊಡೆದರು ಎಂದು ಹೇಳಿ, ಕಾನೂನಿಗೆ ಬೇಕಾಗುವ ವೈದ್ಯಕೀಯ ದಾಖಲೆಯಾದ ಎಂಎಲ್‌ಸಿ ಬರೆಸಿ. ತಾಯಿ ಕಾರ್ಡು, ಮಕ್ಕಳ ಜನನ ಪತ್ರ, ಆಧಾರ್, ಮದುವೆ ಫೋಟೋ, ಬ್ಯಾಂಕ್ ಪಾಸ್‌ಬುಕ್ಕುಗಳ ನಕಲು ತವರಲ್ಲೋ ನಂಬಿಕಸ್ಥರಲ್ಲೋ ಇರಲಿ.

ಒಂದು ಜಾಗದಲ್ಲಿ ಮಾತ್ರ ಕಾನೂನು ಹೆಂಗಸಿನ ಕೈಬಿಟ್ಟಿದೆ. ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ಹೊಸ ನ್ಯಾಯ ಸಂಹಿತೆಯೂ ಅತ್ಯಾಚಾರ ಎನ್ನುವುದಿಲ್ಲ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಗಂಡನೆಂಬ ಕಾರಣಕ್ಕೆ ವಿನಾಯಿತಿ ಕೊಡಲಾಗದು ಎಂದು ಅಂಥ ಆರೋಪವನ್ನು ಉಳಿಸಿದರು. ಸುಪ್ರೀಂ ಕೋರ್ಟ್ ಅದೇ ವರ್ಷ ಜುಲೈಯಲ್ಲಿ ಅದಕ್ಕೆ ತಡೆ ಕೊಟ್ಟಿತು. ಈ ವಿನಾಯಿತಿ ಹೋಗಲೇಬೇಕು ಎಂಬುದು ನನ್ನ ನಿಲುವು. ಅಲ್ಲಿಯವರೆಗೆ 2005ರ ಕಾಯಿದೆಯಲ್ಲಿರುವ ಲೈಂಗಿಕ ದೌರ್ಜನ್ಯ ಎಂಬ ಪದವನ್ನು ಅರ್ಜಿಯಲ್ಲಿ ಸಂಕೋಚವಿಲ್ಲದೆ ಬಳಸಿ.

ಜೀವನಾಂಶ, ರಾಜಿ ಕಾಗದ, ಮಕ್ಕಳ ರಕ್ಷಣೆ

ಜೀವನಾಂಶಕ್ಕೆ ವಿಚ್ಛೇದನ ಆಗಿರಬೇಕಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ (ಹಿಂದಿನ 125) ಹೆಂಡತಿಯೂ ಮಕ್ಕಳೂ ಅರ್ಜಿ ಹಾಕಬಹುದು. ಮದುವೆಯಾಚೆ ಹುಟ್ಟಿದ ಮಗುವೂ ಹಾಕಬಹುದು. ವಿಚ್ಛೇದಿತ ಮುಸ್ಲಿಂ ಹೆಂಗಸಿಗೂ ಈ ಹಕ್ಕಿದೆಯೆಂದು 2024ರ ಜುಲೈ 10ರ ಸುಪ್ರೀಂ ಕೋರ್ಟ್ ತೀರ್ಪು ಮತ್ತೆ ಹೇಳಿದೆ. ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಿ ಕೊಡಿಸಬೇಕು, ಇಬ್ಬರೂ ಆಸ್ತಿ ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು ಎಂದು 2020ರ ನವೆಂಬರ್ 4ರ ಇನ್ನೊಂದು ತೀರ್ಪು ಹೇಳಿದೆ.

ಊರ ಹಿರಿಯರು ಕೂರಿಸಿ ಬಾಂಡ್ ಪೇಪರಿನ ಮೇಲೆ ಬರೆಸುವ ‘ವಿಚ್ಛೇದನ’ ವಿಚ್ಛೇದನವಲ್ಲ. ಆ ಜಾತಿಯಲ್ಲಿ ಅಂಥ ರೂಢಿ ಹಿಂದಿನಿಂದ ಇದೆಯೆಂದು ನ್ಯಾಯಾಲಯದಲ್ಲಿ ಸಾಬೀತಾದರೆ ಮಾತ್ರ ಅದಕ್ಕೆ ಬೆಲೆ. ಅದನ್ನು ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆಯೂ ಅದರಲ್ಲಿ ಹುಟ್ಟಿದ ಮಕ್ಕಳ ಪಾಲೂ ತಕರಾರಿಗೆ ಬೀಳುತ್ತವೆ. “ಮುಂದೆ ಜೀವನಾಂಶ ಕೇಳುವುದಿಲ್ಲ, ಮಗುವಿನ ಮೇಲೆ ಹಕ್ಕಿಲ್ಲ” ಎಂಬ ಸಾಲಿಗೆ ಸಹಿ ಹಾಕಿಸಿಕೊಳ್ಳುವುದೂ ಅಲ್ಲೇ. ಮಗುವಿನ ಹಕ್ಕನ್ನು ತಾಯಿಯೂ ತಂದೆಯೂ ಹೀಗೆ ಬರೆದು ಕೊಡಲು ಬರುವುದಿಲ್ಲ. ಒಪ್ಪಂದವೇ ಬೇಕಿದ್ದರೆ ನ್ಯಾಯಾಲಯದ ಮುಂದೆ ಆಗಲಿ.

ಏಟು ಮಕ್ಕಳ ಮೇಲೆ ಬೀಳುತ್ತಿದ್ದರೆ, ಮುಟ್ಟಬಾರದ ರೀತಿಯಲ್ಲಿ ಮನೆಯವರೇ ಮುಟ್ಟುತ್ತಿದ್ದರೆ 1098ಕ್ಕೆ ಕರೆ ಮಾಡಿ. ಪೋಕ್ಸೊ ಕಾಯಿದೆಯಡಿ ಅಪರಾಧ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಮನೆತನದ ಮಾನ ಎಂಬ ಕಾರಣ ಅಲ್ಲಿ ನಡೆಯದು. ಹುಟ್ಟಿದ ಮಗುವನ್ನು ಸಾಕಲಾಗದು ಎಂದು ಯಾರ ಕೈಗಾದರೂ ಕೊಟ್ಟುಬಿಡಬೇಡಿ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು; ಮನಸ್ಸು ಬದಲಾದರೆ ವಾಪಸು ಪಡೆಯಲು ಎರಡು ತಿಂಗಳ ಅವಕಾಶವಿದೆ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ; ಫೋನ್ 15100. ಸಿಡಿಪಿಒಗಳಿಗೆ ಇಡೀ ತಾಲ್ಲೂಕಿನ ಅಂಗನವಾಡಿಗಳ ಉಸ್ತುವಾರಿಯ ಜೊತೆಗೆ ಈ ಸಂರಕ್ಷಣೆಯ ಕೆಲಸವನ್ನೂ ಹೊರಿಸಲಾಗಿದೆ. ಮಲೆನಾಡಿನಂಥ ಕಡೆ ಇದಕ್ಕೇ ಮೀಸಲಾದ ಅಧಿಕಾರಿ ಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸುವುದು ಕಷ್ಟವಲ್ಲ. ಅದಾಗುವ ತನಕ, ಯಾವ ಕಚೇರಿಗೆ ಅರ್ಜಿ ಕೊಟ್ಟರೂ ಸೀಲು, ತಾರೀಖು ಇರುವ ಸ್ವೀಕೃತಿ ಕೇಳಿ ಪಡೆಯಿರಿ. “ಗಂಡನ ಸಹಿ ಇಲ್ಲದೆ ಆಗಲ್ಲ” ಎಂದರೆ ಆ ಮಾತನ್ನು ಅರ್ಜಿಯ ಮೇಲೆಯೇ ಬರೆದು ಕೊಡಲು ಕೇಳಿ.